ಮನೆಗೆ ಏರ್ ಬೈಕ್ ಆರಿಸುವುದು ಹೇಗೆ: ಅಳತೆ ಹಿಡಿಯುವುದರಿಂದ ಮೊದಲ ತಿಂಗಳ ತುಳಿತದವರೆಗೆ

ನಮ್ಮ ಅಮ್ಮನ ಎತ್ತರ 4 ಅಡಿ 11 ಇಂಚು. ನನ್ನದು 5 ಅಡಿ 9 ಇಂಚು. ನಾಲ್ಕು ವರ್ಷದ ಹಿಂದೆ ಮನೆಗೆ ಮೊದಲ ಏರ್ ಬೈಕ್ (ನಿಂತಲ್ಲೇ ನಿಂತಿರುವ, ವ್ಯಾಯಾಮಕ್ಕೆ ತುಳಿಯುವ ಸೈಕಲ್) ತರಿಸುವಾಗ ಈ ಎರಡು ಅಳತೆಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಫೋಟೊ ನೋಡಿದೆ, ನಕ್ಷತ್ರ ಎಣಿಸಿದೆ, ಆರ್ಡರ್ ಮಾಡಿದೆ. ಬೈಕ್ ಬಂತು. ಸೀಟನ್ನು ಪೂರ್ತಿ ಇಳಿಸಿದರೂ ಅಮ್ಮನ ಕಾಲು ಕೆಳಗಿನ ಪೆಡಲಿಗೆ ಸರಿಯಾಗಿ ಎಟುಕಲಿಲ್ಲ. ನಾನು ಎದ್ದು ನಿಂತು ತುಳಿದರೆ ಇಡೀ ಬೈಕ್ ಅಲ್ಲಾಡುತ್ತಿತ್ತು. ಎಂಟು ತಿಂಗಳಿಗೆ ಅರ್ಧ ಬೆಲೆಗೆ ಮಾರಿದೆವು. ಮಂಡಿನೋವಿಗೆ ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಅಮ್ಮ ಆಸೆಪಟ್ಟು ಕಾಯುತ್ತಿದ್ದರು. ದುಡ್ಡು ಹೋಗಿದ್ದಕ್ಕಿಂತ ಅದು ಜಾಸ್ತಿ ಬೇಜಾರಾಯಿತು.

ಎರಡನೆಯದನ್ನು ತರುವ ಮುಂಚೆ ಬೆಂಗಳೂರಿನ ಆರೇಳು ಅಂಗಡಿ ಸುತ್ತಿದೆ, ಹತ್ತಾರು ಬೈಕ್ ಹತ್ತಿ ಇಳಿದೆ. ಸುರತ್ಕಲ್‌ನಲ್ಲಿರುವ ಅಕ್ಕನೂ ಅದೇ ಮಾದರಿ ತೆಗೆದುಕೊಂಡಳು. ಹಾಗಾಗಿ ಒಂದೇ ಬೈಕ್ ಒಣ ಊರಿನಲ್ಲಿ ಹೇಗಿರುತ್ತದೆ, ಕಡಲ ಗಾಳಿಯಲ್ಲಿ ಹೇಗಿರುತ್ತದೆ ಎಂದು ಎರಡನ್ನೂ ನೋಡಿದ್ದೇನೆ. ಅಷ್ಟರಿಂದ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮೊದಲು ಗಾಳಿಯ ಲೆಕ್ಕ ತಿಳಿದುಕೊಳ್ಳಿ

ಏರ್ ಬೈಕಿನ ಮುಂದೆ ಚಕ್ರದ ಜಾಗದಲ್ಲಿ ಒಂದು ದೊಡ್ಡ ಫ್ಯಾನ್ ಇರುತ್ತದೆ. ಪೆಡಲ್ ತುಳಿದರೆ, ಹ್ಯಾಂಡಲ್ ದೂಡಿ ಎಳೆದರೆ ಫ್ಯಾನ್ ತಿರುಗುತ್ತದೆ. ಅದರ ರೆಕ್ಕೆಗಳು ಗಾಳಿಯನ್ನು ತಳ್ಳಬೇಕು. ಆ ಗಾಳಿಯೇ ನಿಮ್ಮ ಕಾಲಿಗೆ ಸಿಗುವ ತಡೆ. ಕರೆಂಟ್ ಬೇಡ, ಬ್ರೇಕ್ ಪಟ್ಟಿ ಬೇಡ, ಅಯಸ್ಕಾಂತ ಬೇಡ.

ಅಯಸ್ಕಾಂತದಿಂದ ತಡೆ ಕೊಡುವ ಮ್ಯಾಗ್ನೆಟಿಕ್ ಸೈಕಲ್ಲಿನಲ್ಲಿ ಎಷ್ಟು ಭಾರ ಬೇಕು ಎಂದು ನೀವು ತಿರುಪು ತಿರುಗಿಸಿ ಹೇಳುತ್ತೀರಿ. ಇಲ್ಲಿ ನಿಮ್ಮ ವೇಗವೇ ತಿರುಪು. ನಿಧಾನ ತುಳಿದರೆ ಹಗುರ, ಜೋರಾಗಿ ತುಳಿದರೆ ಭಾರ. ಆ ಭಾರ ಏರುವ ರೀತಿ ಮಾತ್ರ ಮೊದಲ ಸಲ ಹತ್ತಿದವರಿಗೆ ಆಶ್ಚರ್ಯ ತರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ 4 ಪಟ್ಟಾಗುತ್ತದೆ. ಆ ತಡೆಯ ವಿರುದ್ಧ ಅಷ್ಟು ವೇಗದಲ್ಲಿ ತುಳಿಯಲು ಬೇಕಾಗುವ ಶಕ್ತಿ 8 ಪಟ್ಟು! ನಿಮಿಷಕ್ಕೆ 50 ಸುತ್ತು ತುಳಿಯುತ್ತಿದ್ದವರು 60ಕ್ಕೆ ಹೋದರೆ ಸುಮಾರು ಮುಕ್ಕಾಲು ಪಾಲು ಹೆಚ್ಚು ಶಕ್ತಿ ಹಾಕಬೇಕು. 70ಕ್ಕೆ ಹೋದರೆ ಎರಡೂಮುಕ್ಕಾಲು ಪಟ್ಟು. ಅದಕ್ಕೇ ಗಟ್ಟಿಮುಟ್ಟಾದ ಹುಡುಗರೂ ಇದರ ಮೇಲೆ ಅರ್ಧ ನಿಮಿಷ ಜೋರು ಮಾಡಿ ಏದುಸಿರು ಬಿಡುತ್ತಾರೆ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದೇ ಬೈಕನ್ನು ಅಮ್ಮನೂ ತುಳಿಯಬಹುದು, ಕಾಲೇಜಿಗೆ ಹೋಗುವ ಮಗನೂ ತುಳಿಯಬಹುದು. ಏನನ್ನೂ ಬದಲಾಯಿಸಬೇಕಿಲ್ಲ, ಸೀಟಿನ ಎತ್ತರ ಬಿಟ್ಟರೆ. ಇನ್ನೊಂದು, ನಿಧಾನವಾಗಿ ತುಳಿಯುತ್ತಲೇ ಭಾರ ಬೇಕು ಎನ್ನುವವರಿಗೆ ಇದು ಸರಿಹೋಗುವುದಿಲ್ಲ. ನಿಮ್ಮ ಫಿಸಿಯೋಥೆರಪಿಸ್ಟ್ ಅಂಥದ್ದನ್ನೇ ಹೇಳಿದ್ದರೆ ಮ್ಯಾಗ್ನೆಟಿಕ್ ಸೈಕಲ್ ನೋಡಿ. ಏರ್ ಬೈಕ್ ಬೇಡ.

ಏರ್ ಬೈಕ್ ಎಂಬ ಹೆಸರಲ್ಲಿ ಮೂರು ಬೇರೆ ವಸ್ತುಗಳಿವೆ

ನಮ್ಮ ಮಾರುಕಟ್ಟೆಯಲ್ಲಿ ಗೊಂದಲ ಶುರುವಾಗುವುದೇ ಇಲ್ಲಿ. ಅಂಗಡಿಗೆ ಹೋಗಿ ಏರ್ ಬೈಕ್ ತೋರಿಸಿ ಎಂದರೆ ಮೂರು ಬಗೆಯವನ್ನು ತೋರಿಸುತ್ತಾರೆ.

ಮೊದಲನೆಯದು ನಿಜವಾದ ಫ್ಯಾನ್ ಬೈಕ್. ಅಮೆರಿಕದ ಶ್ವಿನ್ ಕಂಪನಿ 1970ರ ದಶಕದ ಕೊನೆಯಲ್ಲಿ ತಂದ ಏರ್‌ಡೈನ್ ಈ ಬಗೆಗೆ ದಾರಿ ಹಾಕಿತು. ಈಗ ಕ್ರಾಸ್‌ಫಿಟ್ ಜಿಮ್‌ಗಳಲ್ಲಿ ಕಾಣುವ ಅಸಾಲ್ಟ್ ಏರ್‌ಬೈಕ್, ರೋಗ್ ಎಕೋ ಇದೇ ಜಾತಿಯವು. ದೊಡ್ಡ ಫ್ಯಾನ್, ಅಗಲವಾದ ರೆಕ್ಕೆ, ಪೆಡಲಿನ ಜೊತೆಗೇ ಹಿಂದೆ ಮುಂದೆ ಆಡುವ ಹ್ಯಾಂಡಲ್. ಒಳ್ಳೆಯವು ತುಂಬ ಭಾರ. ರೋಗ್ ಎಕೋದ ಮೊದಲ ಮಾದರಿ ಸುಮಾರು 57 ಕೆ.ಜಿ. ತೂಗುತ್ತದೆ.

ಎರಡನೆಯದು ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಅಗ್ಗದ ಬೈಕ್. ಇದಕ್ಕೂ ಆಡುವ ಹ್ಯಾಂಡಲ್ ಇರುತ್ತದೆ, ಮುಂದಿನ ಚಕ್ರದಲ್ಲಿ ಸಣ್ಣ ರೆಕ್ಕೆಗಳೂ ಇರಬಹುದು. ಆದರೆ ಸೀಟಿನ ಮುಂದಿನ ಕಂಬದಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಬಿಗಿ ಮಾಡಿದರೆ ಒಂದು ಪಟ್ಟಿಯೋ ಪ್ಯಾಡೋ ಚಕ್ರವನ್ನು ಉಜ್ಜುತ್ತದೆ. ತಡೆಯ ಬಹುಪಾಲು ಆ ಉಜ್ಜುವಿಕೆಯಿಂದ ಬರುತ್ತದೆ, ಗಾಳಿಯಿಂದ ಬರುವುದು ಅಲ್ಪ. ನಾನು ಮೊದಲು ತಂದಿದ್ದು ಇದನ್ನೇ, ಫ್ಯಾನ್ ಬೈಕ್ ಎಂದುಕೊಂಡು.

ಮೂರನೆಯದು ಹ್ಯಾಂಡಲ್ ಆಡದ ಗಾಳಿ ಸೈಕಲ್. ರೋಯಿಂಗ್ ಯಂತ್ರಕ್ಕೆ ಹೆಸರಾದ ಕಾನ್ಸೆಪ್ಟ್2 ಕಂಪನಿಯ ಬೈಕ್‌ಅರ್ಗ್ ಇದಕ್ಕೆ ಉದಾಹರಣೆ. ಫ್ಯಾನಿಗೆ ಎಷ್ಟು ಗಾಳಿ ಒಳಗೆ ಬರಬೇಕು ಎಂದು ಒಂದು ಹಿಡಿಯಿಂದ ಹೊಂದಿಸಬಹುದು. ರಸ್ತೆ ಸೈಕಲ್ ಓಡಿಸುವವರಿಗೆ ಇದು ಹೆಚ್ಚು ಒಪ್ಪುತ್ತದೆ. ಕೈಗೆ ಕೆಲಸ ಇಲ್ಲ.

ಫೋಟೊದಲ್ಲಿ ಗುರುತಿಸಲು ಸುಲಭ ದಾರಿ ತಿರುಪು ಹುಡುಕುವುದು. ಬಿಗಿ ಮಾಡುವ ತಿರುಪು ಇದ್ದರೆ ಅದು ಎರಡನೆಯ ಬಗೆ. ಅಂಗಡಿಯಲ್ಲಿ ಆದರೆ ತಿರುಪನ್ನು ಪೂರ್ತಿ ಸಡಿಲ ಮಾಡಿ ಜೋರಾಗಿ ತುಳಿಯಿರಿ. ವೇಗ ಏರಿದಂತೆ ಕಾಲಿಗೆ ಭಾರ ಏರದಿದ್ದರೆ, ಪಕ್ಕದಲ್ಲಿ ನಿಂತವರಿಗೆ ಗಾಳಿ ಬೀಸಿದ್ದು ಗೊತ್ತಾಗದಿದ್ದರೆ, ಅದು ಹೆಸರಿಗಷ್ಟೇ ಏರ್ ಬೈಕ್.

ಎರಡನೆಯ ಬಗೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಹಿರಿಯರು ಮಾತ್ರ ಇದ್ದು, ಕೂತು ಇಪ್ಪತ್ತು ನಿಮಿಷ ಕಾಲಾಡಿಸಿದರೆ ಸಾಕು ಎಂದಿದ್ದರೆ ಅದು ಸಾಕಾಗುತ್ತದೆ. ನಿಧಾನದಲ್ಲೂ ಭಾರ ಕೊಡುವ ಗುಣ ಅದಕ್ಕಿದೆ. ಆದರೆ ಅದರ ಮೇಲೆ ನಿಂತು ತುಳಿಯುವುದು, ದಿನಾ ಬೆವರಿಳಿಸಿ ಇಂಟರ್ವಲ್ (ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ) ಮಾಡುವುದು ಬೇಡ. ಅದರ ಚೌಕಟ್ಟು ಆ ಕೆಲಸಕ್ಕೆ ಮಾಡಿದ್ದಲ್ಲ.

ಹಂತ 1: ಯಾರು ತುಳಿಯುತ್ತಾರೆ, ಬರೆದುಕೊಳ್ಳಿ

ಒಂದು ಕಾಗದ ತೆಗೆದುಕೊಂಡು ಬಳಸುವವರ ಹೆಸರು, ಎತ್ತರ, ತೂಕ ಬರೆಯಿರಿ. ಅತಿ ಗಿಡ್ಡ ಇರುವವರು ಮತ್ತು ಅತಿ ತೂಕ ಇರುವವರು, ಈ ಇಬ್ಬರಿಗೆ ಹೊಂದುವ ಬೈಕ್ ಉಳಿದವರಿಗೆ ಹೊಂದಿಯೇ ಹೊಂದುತ್ತದೆ. ಉದ್ದ ಕಾಲಿನವರು 6 ಅಡಿ ಮೀರಿದ್ದರೆ ಅವರನ್ನೂ ನೋಡಿಕೊಳ್ಳಿ.

ಪ್ರತಿಯೊಬ್ಬರ ಒಳಗಾಲಿನ ಅಳತೆ ಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಎರಡು ಕಾಲಿನ ನಡುವೆ ದಪ್ಪ ಪುಸ್ತಕವೊಂದನ್ನು ಇಟ್ಟು, ಸೀಟಿನ ಮೇಲೆ ಕೂತಷ್ಟೇ ಒತ್ತಿ ಮೇಲಕ್ಕೆ ತಂದು, ಪುಸ್ತಕದ ಮೇಲಂಚನ್ನು ಗೋಡೆಗೆ ಗುರುತು ಹಾಕಬೇಕು. ನೆಲದಿಂದ ಆ ಗುರುತಿಗೆ ಎಷ್ಟು ಸೆಂ.ಮೀ. ಎಂದು ನೋಡಿ. ಅದನ್ನು 1.09ರಿಂದ ಗುಣಿಸಿ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲ್ಮೈಯಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು ಅಷ್ಟು ದೂರ ಇರಬೇಕು. ಸೈಕಲ್ ಪ್ರಪಂಚದಲ್ಲಿ ಬಹಳ ಕಾಲದಿಂದ ನಡೆದುಬಂದ ಲೆಕ್ಕ ಇದು.

ಅಮ್ಮನ ಒಳಗಾಲು 67 ಸೆಂ.ಮೀ. ಅಂದರೆ ಅವರಿಗೆ ಬೇಕಾದ್ದು 73. ನನ್ನದು 80, ಬೇಕಾದ್ದು ಸುಮಾರು 87. ಹಾಗಾದರೆ ನಮ್ಮ ಮನೆಯ ಬೈಕಿನ ಸೀಟು 73ರಿಂದ 87ರವರೆಗೆ ಆಡಬೇಕು. ಈ ಎರಡು ಅಂಕಿ ಕೈಯಲ್ಲಿದ್ದರೆ ಫೋನಿನಲ್ಲೇ ಅರ್ಧ ಬೈಕ್‌ಗಳನ್ನು ಬಿಟ್ಟುಬಿಡಬಹುದು. "ಪೆಡಲ್ ಕೆಳಗಿದ್ದಾಗ ಸೀಟಿಗೆ ಕನಿಷ್ಠ ಎಷ್ಟು ದೂರ, ಗರಿಷ್ಠ ಎಷ್ಟು?" ಎಂದು ಕೇಳಿ. ಟೇಪ್ ಹಿಡಿದು ಅಳೆದು ಹೇಳುವ ಅಂಗಡಿಯವರು ಸಿಕ್ಕರೆ ಅವರ ಹತ್ತಿರವೇ ಹೋಗಿ. ಹೊರದೇಶದ ಉದ್ದ ಮೈಕಟ್ಟಿಗೆಂದು ಮಾಡಿದ ಬೈಕ್‌ಗಳು 5 ಅಡಿಗಿಂತ ಕಡಿಮೆ ಇರುವವರಿಗೆ ಎತ್ತರವಾಗುವುದು ಸಾಮಾನ್ಯ. ನಮ್ಮ ಮನೆಗಳ ಅಮ್ಮಂದಿರು, ಅಜ್ಜಿಯರು ಎಷ್ಟೋ ಜನ ಅಷ್ಟೇ ಎತ್ತರ ಅಲ್ವಾ?

ಸೀಟು ತೀರಾ ತಗ್ಗಿದ್ದರೂ ತೊಂದರೆಯೇ. ಮಂಡಿ ಜಾಸ್ತಿ ಮಡಚಿದಷ್ಟೂ ಅದರ ಮುಂಭಾಗಕ್ಕೆ ಒತ್ತಡ ಬೀಳುತ್ತದೆ. ಮಂಡಿನೋವು ಇರುವವರು ಹೆದರಿ ಸೀಟು ಇಳಿಸಿಕೊಳ್ಳುತ್ತಾರೆ, ಆಮೇಲೆ ಸೈಕಲ್‌ನಿಂದ ನೋವು ಹೆಚ್ಚಾಯಿತು ಎನ್ನುತ್ತಾರೆ. ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿಯಲ್ಲಿ ಚೂರು ಬಾಗು ತಾನಾಗಿ ಉಳಿಯುತ್ತದೆ. ಅದೇ ಹದ.

ಸೀಟು ಹಿಂದೆ ಮುಂದೆಯೂ ಸರಿಯಬೇಕು. ಇದನ್ನು ಬಹಳ ಜನ ನೋಡುವುದೇ ಇಲ್ಲ. ಗಿಡ್ಡ ಇರುವವರಿಗೆ ಸೀಟು ಇಳಿಸಿದ ಮೇಲೂ ಹ್ಯಾಂಡಲ್ ದೂರ ಉಳಿದರೆ ಪ್ರತಿ ಸಲ ದೂಡುವಾಗ ಬೆನ್ನು ಮುಂದಕ್ಕೆ ಬಾಗುತ್ತದೆ. ಹ್ಯಾಂಡಲ್ ಪೂರ್ತಿ ಮುಂದೆ ಹೋದಾಗಲೂ ಮೊಣಕೈಯಲ್ಲಿ ಸ್ವಲ್ಪ ಬಾಗು ಇರಬೇಕು.

ಮನೆಯಲ್ಲಿ ಹೃದಯದ ತೊಂದರೆ, ಹತೋಟಿಗೆ ಬರದ ಬಿಪಿ, ಈಚೆಗೆ ಆಪರೇಷನ್ ಆದವರು ಇದ್ದರೆ ದುಡ್ಡು ಕೊಡುವ ಮುಂಚೆಯೇ ಅವರ ಡಾಕ್ಟರನ್ನು ಕೇಳಿ. ಬೆನ್ನುನೋವು ಜೋರಾಗಿರುವವರಿಗೆ ಬೆನ್ನಿಗೆ ಒರಗು ಇರುವ ರಿಕಂಬೆಂಟ್ ಸೈಕಲ್ ಹೆಚ್ಚು ಒಳ್ಳೆಯದಾಗಬಹುದು. ಏರ್ ಬೈಕ್ ಹತ್ತಲು ಕಾಲು ಎತ್ತಿ ದಾಟಿಸಬೇಕು, ಅದೂ ಎಲ್ಲರಿಗೂ ಸುಲಭವಲ್ಲ.

ಹಂತ 2: ಜಾಗ ಅಳೆಯಿರಿ, ದಾರಿಯನ್ನೂ ಅಳೆಯಿರಿ

ದೊಡ್ಡ ಫ್ಯಾನ್ ಬೈಕ್ ಸುಮಾರು ನಾಲ್ಕೂವರೆ ಅಡಿ ಉದ್ದ, ಎರಡು ಅಡಿ ಅಗಲ ಹಿಡಿಯುತ್ತದೆ. ಎರಡೂ ಪಕ್ಕ ಇನ್ನೊಂದೂವರೆ ಅಡಿ ಬಿಡಿ. ಹತ್ತಲು, ಇಳಿಯಲು, ಒರೆಸಲು ಬೇಕು. ನೆಲದ ಮೇಲೆ ಹಳೇ ಪೇಪರ್ ಹಾಸಿ ಅಷ್ಟು ಜಾಗ ಗುರುತು ಮಾಡಿ ಎರಡು ದಿನ ಹಾಗೇ ಬಿಟ್ಟು ಓಡಾಡಿ ನೋಡಿ. ಬಾಗಿಲು ತೆಗೆಯಲು ಅಡ್ಡ ಬರುತ್ತದೆಯೋ, ಬೀರು ಅರ್ಧಕ್ಕೇ ನಿಲ್ಲುತ್ತದೆಯೋ ತಿಳಿಯುತ್ತದೆ.

ಬಾಡಿಗೆ ಮನೆಯ ಎರಡನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಿರಿದು. ಇಂಥಲ್ಲಿ 50 ಕೆ.ಜಿ. ದಾಟಿದ ಡಬ್ಬ ಮೇಲೆ ಹೋಗುವುದು ಹೇಗೆ ಎಂದು ಮೊದಲೇ ಯೋಚಿಸಿ. ಸಾಗಿಸುವವರು ಮನೆ ಬಾಗಿಲಿಗೆ ತಂದು ಇಡುತ್ತಾರೋ ಅಥವಾ ಗೇಟಿನ ಬಳಿ ಬಿಟ್ಟು ಹೋಗುತ್ತಾರೋ ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಮ್ಮದನ್ನು ಗೇಟಿನ ಬಳಿ ಬಿಟ್ಟು ಹೋದರು. ಡಬ್ಬ ಅಲ್ಲೇ ಬಿಚ್ಚಿ, ಫ್ಯಾನ್ ಇರುವ ಭಾಗ ಬೇರೆ, ಕಾಲು ಬೇರೆ, ಸೀಟು ಬೇರೆ ಎಂದು ಮೂರು ಸಲ ಹತ್ತಿ ಇಳಿದೆವು.

ಎಲ್ಲಿ ಇಡಬಾರದು ಎನ್ನುವುದನ್ನೂ ಹೇಳಿಬಿಡುತ್ತೇನೆ. ದೇವರ ಮನೆಯ ಎದುರಿಗೆ ಬೇಡ, ದೀಪ ಆರುತ್ತದೆ. ಅಡುಗೆ ಮನೆಯ ಒಲೆಯ ನೇರಕ್ಕೆ ಬೇಡ. ಓದುವ ಮಕ್ಕಳ ಮೇಜಿನ ಪಕ್ಕ ಬೇಡ, ಕಾಗದ ಹಾರುತ್ತದೆ. ಬಾಲ್ಕನಿಯಲ್ಲಿ ಇಟ್ಟರೆ ಹಿತವಾದ ಗಾಳಿ ಇರುತ್ತದೆ ನಿಜ, ಆದರೆ ಮಳೆಯ ಇರಚಲು ಬಿದ್ದು ಬೇಗ ಹಾಳಾಗುತ್ತದೆ. ಕರಾವಳಿಯಲ್ಲಂತೂ ಬಾಲ್ಕನಿಯ ಮಾತೇ ಬೇಡ. ಅಕ್ಕ ಮೊದಲ ಮಳೆಗಾಲ ಹಾಗೆ ಇಟ್ಟಿದ್ದಳು. ಆಗಸ್ಟ್ ಹೊತ್ತಿಗೆ ಸೀಟಿನ ಕಂಬದ ಬೋಲ್ಟುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು.

ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಲೇಬೇಕು. ನಮ್ಮ ಮನೆಗಳ ಟೈಲ್ಸ್ ನುಣುಪು. ಬೆವರು ಬಿದ್ದರೆ ಕಾಲೂ ಜಾರುತ್ತದೆ, ಬೈಕೂ ಜರುಗುತ್ತದೆ.

ಹಂತ 3: ಶಬ್ದ, ಗಾಳಿ, ಮಕ್ಕಳು

ಫ್ಯಾನ್ ಬೈಕ್ ಸದ್ದು ಮಾಡುತ್ತದೆ. ಸದ್ದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಧಾನಕ್ಕೆ ತುಳಿದರೆ ಟೇಬಲ್ ಫ್ಯಾನಿನಷ್ಟು, ಜೋರು ಮಾಡಿದರೆ ಪಕ್ಕದ ಕೋಣೆಯವರು ಟಿವಿ ದನಿ ಏರಿಸುವಷ್ಟು. ಗಾಳಿಯ ಸದ್ದು ಪಕ್ಕದ ಮನೆಯವರೆಗೆ ಅಷ್ಟಾಗಿ ಹೋಗುವುದಿಲ್ಲ. ಆದರೆ ಚೈನಿನ ಅದುರುವಿಕೆ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಬೆಳಿಗ್ಗೆ ಐದೂವರೆಗೆ ತುಳಿಯುವವರು ನೀವಾಗಿದ್ದರೆ ಬೆಲ್ಟ್ ಇರುವ ಬೈಕನ್ನೇ ನೋಡಿ, ಮ್ಯಾಟ್ ಎರಡು ಪದರ ಹಾಕಿ.

ಗಾಳಿ ನಿಮ್ಮ ಮೇಲೇ ಬೀಸುತ್ತದೆ. ಏಪ್ರಿಲ್‌ನಲ್ಲಿ ಇದು ಹಿತವೋ ಹಿತ. ಡಿಸೆಂಬರ್ ಬೆಳಿಗ್ಗೆ ಅಮ್ಮ ಶಾಲು ಕೇಳುತ್ತಾರೆ. ಫ್ಯಾನಿನ ಮುಂದೆ ಸಿಕ್ಕಿಸುವ ಗಾಳಿ ತಡೆ ಹಾಳೆ ಕೆಲವು ಬೈಕ್‌ಗಳ ಜೊತೆ ಬರುತ್ತದೆ, ಕೆಲವಕ್ಕೆ ಬೇರೆಯಾಗಿ ಸಿಗುತ್ತದೆ. ವಿಚಾರಿಸಿಕೊಳ್ಳಿ.

ಸಣ್ಣ ಮಕ್ಕಳಿರುವ ಮನೆಯವರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಫ್ಯಾನಿನ ಸುತ್ತ ಇರುವ ಜಾಲರಿಯ ಸಂದಿಯಲ್ಲಿ ಮಗುವಿನ ಬೆರಳು ಹೋಗುತ್ತದೆಯೇ ನೋಡಿ. ನಿಮ್ಮ ಬೆರಳಿಂದ ನೋಡಿದರೆ ಸಾಲದು. ಪೆನ್ಸಿಲ್ ಒಂದನ್ನು ತೂರಿಸಿ, ರೆಕ್ಕೆಗೆ ತಗುಲುತ್ತದೆಯೇ ನೋಡಿ. ತಗುಲಿದರೆ ಮಗುವಿನ ಬೆರಳೂ ತಗುಲಬಹುದು. ಚೈನ್ ಅಥವಾ ಬೆಲ್ಟ್ ಎರಡೂ ಬದಿ ಪೂರ್ತಿ ಮುಚ್ಚಿರಬೇಕು. ಆಡುವ ಹ್ಯಾಂಡಲಿನ ಕೆಳತುದಿ, ಪೆಡಲಿನ ತೋಳು ಸೇರುವ ಜಾಗ ಕತ್ತರಿಯಂತೆ ಕೆಲಸ ಮಾಡುತ್ತದೆ. ನೀವು ತುಳಿಯುವಾಗ ಮಗು ಹಿಂದಿನಿಂದ ಬಂದರೆ ನಿಮಗೆ ಕಾಣುವುದಿಲ್ಲ. ಬಾಗಿಲು ಹಾಕಿಕೊಂಡು ತುಳಿಯುವ ಕೋಣೆ ಇದ್ದರೆ ಅಲ್ಲೇ ಇಡಿ. ಬಳಸದಾಗ ಹ್ಯಾಂಡಲನ್ನು ಚೌಕಟ್ಟಿಗೆ ಒಂದು ಪಟ್ಟಿಯಿಂದ ಕಟ್ಟಿಡಿ.

ಬಟ್ಟೆಯ ವಿಷಯವೂ ಇದೆ. ಸೀರೆಯಲ್ಲಿ ತುಳಿಯುವುದು ಬೇಡ. ನೆರಿಗೆ ಪೆಡಲಿಗೆ, ಸೆರಗು ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತದೆ. ಅಮ್ಮ ಮೊದಲು ಒಪ್ಪಲಿಲ್ಲ. ಈಗ ಬೆಳಿಗ್ಗೆ ಚೂಡಿದಾರದಲ್ಲಿ ತುಳಿದು, ಆಮೇಲೆ ಸ್ನಾನ ಮಾಡಿ ಸೀರೆ ಉಡುತ್ತಾರೆ. ವೇಲ್ ಬೇಡ.

ಹಂತ 4: ಚೌಕಟ್ಟು ನೋಡಿ, ಮೈಭಾರ ಹಾಕಿ ನೋಡಿ

ಇದಕ್ಕೆ ಅಂಗಡಿಗೇ ಹೋಗಬೇಕು. ಬೇರೆ ದಾರಿ ಇಲ್ಲ. ಕನಿಷ್ಠ ಹತ್ತು ನಿಮಿಷ ಬೈಕ್ ಮೇಲಿರಿ, ನಾಚಿಕೆ ಬೇಡ.

ಮೊದಲು ಕೂತು ನಿಧಾನವಾಗಿ ತುಳಿಯಿರಿ. ಕಟ್ ಕಟ್ ಎಂದು ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಸದ್ದು ಬಂದರೆ ಪೆಡಲಿನ ತೋಳು ಅಥವಾ ಬೇರಿಂಗ್ ಸಡಿಲ ಇದೆ ಎಂದು ಅರ್ಥ. ಆಮೇಲೆ ಜೋರು ಮಾಡಿ ಹದಿನೈದು ಸೆಕೆಂಡು ಪೂರ್ತಿ ಶಕ್ತಿ ಹಾಕಿ. ಬೈಕಿನ ಕಾಲುಗಳು ನೆಲ ಬಿಡುತ್ತವೆಯೇ? ಕಂಬ ತಿರುಚಿದಂತೆ ಆಗುತ್ತದೆಯೇ? ಆಮೇಲೆ ಇಳಿದು ಒಂದೊಂದೇ ಹ್ಯಾಂಡಲ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸ ಬೈಕಿನಲ್ಲೇ ಲೊಟಲೊಟ ಅಂದರೆ ಆರು ತಿಂಗಳಿಗೆ ಏನಾಗುತ್ತದೆ ಯೋಚಿಸಿ.

ಗರಿಷ್ಠ ತೂಕ ಎಂದು ಬರೆದಿರುವ ಅಂಕಿಯನ್ನು ಹಾಗೇ ನಂಬುವುದಕ್ಕಿಂತ ಬೈಕಿನ ಸ್ವಂತ ತೂಕ ಕೇಳಿ. 20 ಕೆ.ಜಿ. ಆಸುಪಾಸಿನ ಬೈಕ್ 110 ಕೆ.ಜಿ. ಹೊರುತ್ತದೆ ಎಂದು ಬರೆದಿರಬಹುದು. ಸುಮ್ನೆ ಕೂತರೆ ಹೊರಬಹುದು. ಆ ಮನುಷ್ಯ ಎದ್ದು ತುಳಿದರೆ, ಹ್ಯಾಂಡಲ್ ಎಳೆದರೆ ಅಲುಗದೆ ನಿಲ್ಲುವುದಕ್ಕೆ ಬೈಕಿಗೇ ಭಾರ ಬೇಕು. ನನ್ನ ಮಟ್ಟಿಗೆ, ಜೋರು ವ್ಯಾಯಾಮಕ್ಕೆ ಎಂದಾದರೆ 40 ಕೆ.ಜಿ.ಗಿಂತ ಹಗುರವಾದದ್ದನ್ನು ನಾನು ತರುವುದಿಲ್ಲ.

ಕಾಲಿಡುವ ಗೂಟಗಳು ಇವೆಯೇ ನೋಡಿ. ಪೆಡಲಿನಿಂದ ಕಾಲು ತೆಗೆದು ಇವುಗಳ ಮೇಲಿಟ್ಟು ಬರೀ ಕೈಯಿಂದ ಬೈಕ್ ನಡೆಸಬಹುದು. ಸಣ್ಣ ವಸ್ತು, ಆದರೆ ಬೆಲೆಬಾಳುವಂಥದ್ದು. ಕಾಲು ಉಳುಕಿದಾಗ ನಾನು ಮೂರು ವಾರ ಹೀಗೇ ಮಾಡಿದೆ. ಮಂಡಿ ಊದಿದ ದಿನ ಅಮ್ಮನೂ ಹೀಗೇ ಮಾಡುತ್ತಾರೆ.

ಚೈನೋ ಬೆಲ್ಟೋ? ಚೈನಿಗೆ ಎಣ್ಣೆ ಬೇಕು, ಆಗಾಗ ಬಿಗಿ ಮಾಡಬೇಕು, ಸದ್ದು ಹೆಚ್ಚು. ಆದರೆ ಸಾಮಾನ್ಯ ಸೈಕಲ್ ಚೈನ್ ಹಾಕಿದ್ದರೆ ನಿಮ್ಮ ಬೀದಿಯ ಸೈಕಲ್ ಶಾಪಿನವರೇ ರಿಪೇರಿ ಮಾಡಿಕೊಡಬಹುದು. ಬೆಲ್ಟ್ ಮೆತ್ತಗೆ ಓಡುತ್ತದೆ, ಎಣ್ಣೆ ಬೇಡ, ತುಕ್ಕು ಹಿಡಿಯುವುದಿಲ್ಲ. ಹಾಳಾದರೆ ಮಾತ್ರ ಅದೇ ಅಳತೆಯದ್ದು ಕಂಪನಿಯಿಂದಲೇ ಬರಬೇಕಾಗಬಹುದು. ನಾವು ಇಬ್ಬರೂ ತಂದಿದ್ದು ಚೈನಿನದು. ಬೆಂಗಳೂರಿನಲ್ಲಿ ನನಗೆ ತೊಂದರೆ ಆಗಿಲ್ಲ. ಸುರತ್ಕಲ್‌ನಲ್ಲಿ ಅಕ್ಕ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಎಣ್ಣೆ ಹಾಕುತ್ತಾಳೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಕೇಳಿದರೆ ನಾನು ಬೆಲ್ಟ್ ಎಂದೇ ಹೇಳುತ್ತೇನೆ.

ಹಂತ 5: ಪರದೆಯ ಅಂಕಿಗಳನ್ನು ಎಷ್ಟು ನಂಬಬೇಕು

ಪರದೆ ಬ್ಯಾಟರಿಯಲ್ಲಿ ನಡೆಯುತ್ತದೆ. ಸಮಯ, ನಿಮಿಷಕ್ಕೆ ಎಷ್ಟು ಸುತ್ತು, ವ್ಯಾಟ್ (ನೀವು ಹಾಕುತ್ತಿರುವ ಶಕ್ತಿಯ ಅಳತೆ). ಈ ಮೂರು ದೊಡ್ಡ ಅಕ್ಷರದಲ್ಲಿ ಕಂಡರೆ ಸಾಕು. ಇಷ್ಟು ಹೊತ್ತು ಜೋರು, ಇಷ್ಟು ಹೊತ್ತು ನಿಧಾನ ಎಂದು ಎಣಿಸುವ ಇಂಟರ್ವಲ್ ಗುಂಡಿ ಇದ್ದರೆ ಒಳ್ಳೆಯದು. ಬ್ಲೂಟೂತ್, ಆ್ಯಪ್ ಇದಕ್ಕೆಲ್ಲ ಹೆಚ್ಚು ದುಡ್ಡು ಕೊಡಬೇಡಿ. ಆ ದುಡ್ಡು ಚೌಕಟ್ಟಿಗೆ ಹೋಗಲಿ.

ಕ್ಯಾಲೊರಿ ಅಂಕಿ ಒಂದು ಅಂದಾಜು. ಲೆಕ್ಕ ಹೀಗೆ ಹಾಕಬಹುದು. ನೀವು 100 ವ್ಯಾಟ್‌ನಲ್ಲಿ 30 ನಿಮಿಷ ತುಳಿದರೆ ಫ್ಯಾನಿಗೆ ತಲುಪಿದ ಶಕ್ತಿ ಸುಮಾರು 43 ಕಿಲೊಕ್ಯಾಲೊರಿ. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಮಾತ್ರ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖ. ಹಾಗಾಗಿ ದೇಹ ಕರಗಿಸಿದ್ದು 170ರಿಂದ 215ರ ನಡುವೆ ಎಲ್ಲೋ ಇರುತ್ತದೆ. ಇಷ್ಟೇ ತುಳಿದದ್ದಕ್ಕೆ ಪರದೆ 400 ತೋರಿಸಿದರೆ ಖುಷಿಪಡಬೇಡಿ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕಡಲತೀರದ ಗಾಳಿಗಿಂತ ಸುಮಾರು ಶೇ 8ರಷ್ಟು ತೆಳು. ಅದೇ ಬೈಕ್, ಅದೇ 60 ಸುತ್ತು, ಆದರೂ ಸುರತ್ಕಲ್‌ನಲ್ಲಿ ಅಕ್ಕ ನನಗಿಂತ ಸ್ವಲ್ಪ ಹೆಚ್ಚು ಶಕ್ತಿ ಹಾಕುತ್ತಾಳೆ. ಬರೀ ಸುತ್ತಿನ ವೇಗ ನೋಡಿ ವ್ಯಾಟ್ ಲೆಕ್ಕ ಹಾಕುವ ಪರದೆಗೆ ಇದು ಗೊತ್ತಾಗುವುದಿಲ್ಲ. ಆದ್ದರಿಂದ ಬೇರೆಯವರ ಅಂಕಿಯ ಜೊತೆ ಹೋಲಿಸಬೇಡಿ. ನಿಮ್ಮ ಹೋದ ತಿಂಗಳ ಅಂಕಿಯ ಜೊತೆ ಹೋಲಿಸಿ, ಅದು ಸರಿಯಾದ ಹೋಲಿಕೆ.

ಹಂತ 6: ಕೊಳ್ಳುವಾಗ ಕೇಳಬೇಕಾದ್ದು

ಎರಡನೆಯ ಬಗೆಯ ಬೈಕ್‌ಗಳು ಹತ್ತು ಸಾವಿರದೊಳಗೂ ಸಿಗುತ್ತವೆ. ಜಿಮ್‌ನಲ್ಲಿ ಕಾಣುವಂಥ ಹೆಸರಾಂತ ಆಮದು ಬೈಕ್‌ಗಳು ಲಕ್ಷ ದಾಟಬಹುದು. ನಡುವಿನ ಬೆಲೆಯಲ್ಲಿ ಭಾರತದ ಕಂಪನಿಗಳು ಮಾರುವ ಫ್ಯಾನ್ ಬೈಕ್‌ಗಳಿವೆ. ಮನೆಬಳಕೆಗೆ ಇವುಗಳಲ್ಲಿ ಗಟ್ಟಿಯಾದದ್ದನ್ನು ಹುಡುಕುವುದೇ ಜಾಣತನ ಎಂದು ನನ್ನ ಅಭಿಪ್ರಾಯ.

ವಾರಂಟಿ ಎಷ್ಟು ವರ್ಷ ಎನ್ನುವುದಕ್ಕಿಂತ ಯಾವ ಭಾಗಕ್ಕೆ ಎಷ್ಟು ಎಂದು ಕೇಳಿ. ಚೌಕಟ್ಟಿಗೆ ಹೆಚ್ಚು ವರ್ಷ ಕೊಟ್ಟು, ಸವೆಯುವ ಬೇರಿಂಗ್, ಪೆಡಲ್, ಪರದೆಗೆ ಕೆಲವೇ ತಿಂಗಳು ಕೊಡುವುದುಂಟು. ನಿಮ್ಮ ಊರಿಗೆ ಮೆಕ್ಯಾನಿಕ್ ಬರುತ್ತಾರಾ, ಬಂದರೆ ಎಷ್ಟು ದಿನಕ್ಕೆ, ಪ್ರಯಾಣದ ಖರ್ಚು ಯಾರದು? ಹಾವೇರಿ, ಚಿಕ್ಕಮಗಳೂರು, ಯಾದಗಿರಿಯಂಥ ಕಡೆ ಇರುವವರಿಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಬಿಡಿಭಾಗ ಕೊರಿಯರ್ ಮಾಡುತ್ತಾರಾ ಎಂದೂ ಕೇಳಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಬಿಚ್ಚುವಾಗ ಮೊದಲಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಳ್ಳಿ. ಡೊಂಕಾದ ಜಾಲರಿ ಹಾಗೆ ಬಂದಿತ್ತೋ ನೀವು ಬೀಳಿಸಿದಿರೋ ಎಂಬ ಜಗಳ ಇರುವುದಿಲ್ಲ.

ಹಳೆಯದು ಕೊಳ್ಳುವುದಾದರೆ, ಮುಚ್ಚುತ್ತಿರುವ ಜಿಮ್‌ಗಳಲ್ಲಿ ಒಳ್ಳೆಯ ಫ್ಯಾನ್ ಬೈಕ್ ಸಿಗುತ್ತದೆ. ಫ್ಯಾನನ್ನು ಜೋರಾಗಿ ತಿರುಗಿಸಿ ಬಿಟ್ಟು ಕಿವಿ ಹತ್ತಿರ ತಂದು ಕೇಳಿ. ಬರೀ ಗಾಳಿಯ ಸದ್ದು ಬಂದರೆ ಒಳ್ಳೆಯದು, ಗರಗರ ಬಂದರೆ ಬೇರಿಂಗ್ ಹೋಗಿದೆ. ಸೀಟಿನ ಕೆಳಗೆ, ಬೆಸುಗೆಯ ಜಾಗಗಳಲ್ಲಿ ಬಿರುಕು, ಬೆವರಿನ ತುಕ್ಕು ನೋಡಿ. ಬೇರಿಂಗ್ ಬದಲಾಯಿಸಬಹುದು. ಬೆಸುಗೆ ಬಿರುಕಿದ್ದರೆ ಬಿಟ್ಟು ಬನ್ನಿ.

ಜೋಡಿಸುವಾಗ ಒಂದೇ ಒಂದು ಎಚ್ಚರಿಕೆ

ಎಡ ಪೆಡಲಿನ ಮರೆ (ಬೋಲ್ಟಿನಲ್ಲಿರುವಂಥ ಸುತ್ತುಗೆರೆ) ಉಲ್ಟಾ. ಬಲ ಪೆಡಲ್ ಎಲ್ಲ ಬೋಲ್ಟಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿ. ಎಡದ್ದು ಎಡಕ್ಕೆ ತಿರುಗಿಸಿದರೆ ಬಿಗಿ. ಪೆಡಲಿನ ಮೇಲೆ ಎಲ್, ಆರ್ ಎಂದು ಕೆತ್ತಿರುತ್ತಾರೆ. ಇದು ಗೊತ್ತಿಲ್ಲದೆ ಬಲವಂತವಾಗಿ ತಿರುಗಿಸಿದರೆ ಪೆಡಲ್ ತೋಳಿನ ಮರೆಯೇ ಕಿತ್ತುಹೋಗುತ್ತದೆ. ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲೇ ಹೋಗಬೇಕು. ಹೋಗದಿದ್ದರೆ ಬಿಚ್ಚಿ ಮತ್ತೆ ನೇರ ಇಟ್ಟು ಶುರುಮಾಡಿ. ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿ. ಸ್ಪ್ಯಾನರ್ ಕೊನೆಗೆ.

ಮೊದಲ ತಿಂಗಳು ಹೀಗೆ ತುಳಿಯಿರಿ

ಬೈಕ್ ಬಂದ ದಿನ ಎಲ್ಲರೂ ಪೂರ್ತಿ ಜೋರು ಮಾಡುತ್ತಾರೆ. ಮರುದಿನ ಮೈಕೈ ನೋವು, ಮೂರನೆಯ ದಿನ ಯಾರೂ ಹತ್ತುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲ ವಾರ ದಿನಕ್ಕೆ 10 ನಿಮಿಷ, ಮಾತಾಡುತ್ತಲೇ ತುಳಿಯಬಹುದಾದ ವೇಗದಲ್ಲಿ. ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದು ತಿಳಿಯಿರಿ. ಎರಡನೇ ವಾರ 15, ಮೂರನೇ ವಾರ 20. ವಾರಕ್ಕೆ ಐದು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ ಬೇಕು. 30 ನಿಮಿಷದಂತೆ ಐದು ದಿನ ತುಳಿದರೆ ಕೆಳಗಿನ ಗುರಿ ಮುಟ್ಟಿದಂತೆ. ಅಲ್ಲಿಗೆ ತಲುಪಲು ಒಂದೂವರೆ ತಿಂಗಳು ತೆಗೆದುಕೊಳ್ಳಿ.

ನಾಲ್ಕನೇ ವಾರದಿಂದ, ಆರೋಗ್ಯವಾಗಿರುವವರು ವಾರಕ್ಕೆ ಒಂದು ದಿನ ಇಂಟರ್ವಲ್ ಸೇರಿಸಬಹುದು. 5 ನಿಮಿಷ ನಿಧಾನ, ಆಮೇಲೆ 15 ಸೆಕೆಂಡು ಚುರುಕು, 75 ಸೆಕೆಂಡು ನಿಧಾನ, ಹೀಗೆ ಆರು ಸಲ, ಕೊನೆಗೆ ಮತ್ತೆ 5 ನಿಮಿಷ ನಿಧಾನ. 20 ಸೆಕೆಂಡು ಜೋರು, 10 ಸೆಕೆಂಡು ವಿಶ್ರಾಂತಿಯ ತಬಾಟಾ ಪದ್ಧತಿಯ ಗುಂಡಿ ಎಷ್ಟೋ ಬೈಕ್‌ಗಳಲ್ಲಿ ಇರುತ್ತದೆ. ಜಪಾನಿನ ಇಝುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ ಆ ಪ್ರಯೋಗದಲ್ಲಿ ಇದ್ದವರು ಪಳಗಿದ ಯುವಕರು. ಮೊದಲ ತಿಂಗಳಲ್ಲಿ ಆ ಗುಂಡಿ ಮುಟ್ಟಬೇಡಿ. ಜೋರು ಮಾಡಿದ ಮೇಲೆ ಕಾಲನ್ನು ತಟ್ಟನೆ ನಿಲ್ಲಿಸಬೇಡಿ. ಫ್ಯಾನಿನ ಓಟ ಪೆಡಲನ್ನು ತಿರುಗಿಸುತ್ತಲೇ ಇರುವ ಬೈಕ್‌ಗಳಿವೆ, ಮಂಡಿಗೆ ಪೆಟ್ಟಾಗುತ್ತದೆ. ಎದೆನೋವು, ತಲೆಸುತ್ತು, ಕೈಗೆ ಹರಿಯುವ ನೋವು ಬಂದರೆ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ನೋಡಿಕೊಳ್ಳುವುದು

ತುಳಿದ ಕೂಡಲೇ ಬೆವರು ಒರೆಸಿ. ಬೆವರಿನ ಉಪ್ಪೇ ಬೈಕಿನ ದೊಡ್ಡ ಶತ್ರು. ಮೊದಲ ವಾರದ ಕೊನೆಗೆ ಒಮ್ಮೆ, ತಿಂಗಳಿಗೆ ಒಮ್ಮೆ ಎಲ್ಲ ಬೋಲ್ಟು ಬಿಗಿ ಮಾಡಿ. ಪೆಡಲ್ ಸಡಿಲಾಗಿದ್ದು ಗೊತ್ತಾಗದೆ ತುಳಿದರೆ ಮರೆ ಹಾಳಾಗುತ್ತದೆ. ಜಾಲರಿಯ ಒಳಗೆ ಕೂದಲು, ದೂಳು ಸೇರುತ್ತದೆ. ಫ್ಯಾನ್ ಪೂರ್ತಿ ನಿಂತ ಮೇಲೆ ವ್ಯಾಕ್ಯೂಮ್ ಅಥವಾ ಉದ್ದ ಬ್ರಷ್ಷಿನಿಂದ ತೆಗೆಯಿರಿ. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ಪರದೆಯ ಬ್ಯಾಟರಿ ತೆಗೆದಿಡಿ, ಸೋರಿದರೆ ಪರದೆ ಕೆಡುತ್ತದೆ.

ಸೀಟಿನ ಕಂಬಕ್ಕೆ ನಾವು ಎರಡು ಬಣ್ಣದ ಟೇಪ್ ಸುತ್ತಿದ್ದೇವೆ. ಕೆಂಪು ಅಮ್ಮನ ಎತ್ತರ, ನೀಲಿ ನನ್ನದು. ಬೆಳಿಗ್ಗೆ ಆರು ಗಂಟೆಗೆ ನಾನು ಇಳಿದ ಮೇಲೆ ಸೀಟನ್ನು ಕೆಂಪಿಗೆ ಇಳಿಸಿ ಕೋಣೆಯಿಂದ ಹೊರಗೆ ಬರುತ್ತೇನೆ. ಆರೂಕಾಲಿಗೆ ಅಮ್ಮ ಹತ್ತುತ್ತಾರೆ, 35 ಸುತ್ತಿನಲ್ಲಿ, ಇಪ್ಪತ್ತು ನಿಮಿಷ.